ಹಳೆಯ ಮೋಟಾರಿನ ಯೋಗಕ್ಷೇಮ

ಇಲ್ಲದುದನ್ನು ಸಂಪಾದಿಸುವುದು ಯೋಗವೆಂದೂ ಸಂಪಾದಿಸಿದುದನ್ನು ಕಾಪಾಡುವುದು ಕ್ಷೇಮವೆಂದೂ ನಮ್ಮ ಹಿರಿಯರು ಬೇರೆ ಬೇರೆಯಾಗಿ ಅರ್ಥ ಹೇಳಿರುವರು. ಇವೆರಡನ್ನೂ ಕೂಡಿಸಿ ದಿನವೂ ವಿಚಾರಿಸಿಕೊಳ್ಳುವ ನಾವು ಮೊದಲನೆಯದರಲ್ಲಿಯೇ ಮನಸ್ಸಿಟ್ಟು ಎರಡನೆಯದನ್ನು ಮರೆತಿರುವೆವು. ಪೇಟೆಯಲ್ಲಿ ಯೋಗವು ಕ್ರಯಕ್ಕೆ ದೊರೆಯುವುದು. ಕ್ಷೇಮವನ್ನು ಗೃಹಸ್ಥನು ತನ್ನ ಕೈಯಿಂದಲೇ ಮಾಡಿಕೊಳ್ಳತಕ್ಕದ್ದು. ಹೊಸಕೆರೆಹಳ್ಳಿಯ ನಮ್ಮ ಮನೆಯಂಗಳದಲ್ಲಿ ನಿಂತಿರುವ ಪ್ರೀಮಿಯರ್ ಪದ್ಮಿನಿ ಮೋಟಾರು ನಮಗೆ ಈ ಅರ್ಥವನ್ನು ಚೆನ್ನಾಗಿ ಕಲಿಸಿತು.

ಇದು 1988ರಲ್ಲಿ ಮುಂಬಯಿಯಲ್ಲಿ ತಯಾರಾದ ಬಂಡಿ. ಇಟಲಿಯ ಫಿಯಟ್ 1100ರ ಸಂತತಿ. ನಾಲ್ಕು ಸಿಲಿಂಡರುಗಳ, 1089 ಘನ ಸೆಂಟಿಮೀಟರಿನ ಎಂಜಿನು. ಉಪಾಧ್ಯಾಯರ ಸಂಬಳದಲ್ಲಿ ಉಳಿಸಿ 1996ರಲ್ಲಿ ಇದನ್ನು ಎರಡನೆಯ ಕೈಯಿಂದ ಕೊಂಡೆವು. ಮುಂಬಯಿಯ ಟ್ಯಾಕ್ಸಿಗಳಲ್ಲಿ ಕೂಡ ಈ ಜಾತಿಯ ಬಂಡಿಯು 2023ರ ಅಕ್ಟೋಬರಿಗೆ ಮುಗಿಯಿತು. ಆದುದರಿಂದ ಇದನ್ನು ಗುಜರಿಗೆ ಕೊಡಬೇಕೆಂದು ಮಕ್ಕಳು ಹೇಳುವರು. ಅವರ ಮಾತು ಅನ್ಯಾಯವಲ್ಲ. ಹದಿನೈದು ವರ್ಷ ಕಳೆದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕವು 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ 10,000 ಆಯಿತು. ನಮ್ಮ ಮುಂದಿನ ಸರದಿಯು 2028ರಲ್ಲಿ.

ಹಾಗಾದರೆ ಮನೆಯಲ್ಲಿ ಮಾಡತಕ್ಕ ಕೆಲಸವೇನು? ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳೆಂಬ ಎರಡು ಲೋಹದ ತುಣುಕುಗಳಿರುವುವು. ಅವು ತೆರೆದಾಗ ನಡುವಣ ಅಂತರವು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಸವೆದು ಅಂತರ ಕೆಟ್ಟರೆ ಕಿಡಿಯು ಬಲಗುಂದಿ, ಬೆಳಗಿನ ಚಳಿಯಲ್ಲಿ ಬಂಡಿಯು ಏಳುವುದಿಲ್ಲ. ಪ್ಲಗ್ಗುಗಳಿಗೆ ಕಿಡಿಯು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಹೋಗತಕ್ಕದ್ದು. ಪಾಣಿನಿಯ ಸೂತ್ರಗಳಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಕ್ರಮವು ತಪ್ಪಿದರೆ ಸಿದ್ಧಿಯಿಲ್ಲ. ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ಹೊಯ್ಯಬಾರದು. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿಯ ಪದರವೇ ಅದರ ಸಣ್ಣ ನಾಳಗಳಲ್ಲಿಯೂ ಕಟ್ಟಿ ಎಂಜಿನು ಕಾಯುವುದು. ಭಟ್ಟಿಯಿಳಿಸಿದ ನೀರನ್ನು ಕೂಲೆಂಟಿನೊಡನೆ ಬೆರಸಿ, ಎಂಜಿನು ಆರಿದ ಮೇಲೆಯೇ ಮುಚ್ಚಳ ತೆಗೆದು ಹೊಯ್ಯಬೇಕು.

ಈಚಿನ ವರ್ಷಗಳಲ್ಲಿ ಇನ್ನೊಂದು ಎಚ್ಚರಿಕೆಯು ಬೇಕಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯಿತು. ಹಿಂದಿನ ಕಾಲದ ರಬ್ಬರು ಇದನ್ನು ತಾಳುವಂತೆ ಮಾಡಿದುದಲ್ಲ. ಬಹುಕಾಲ ನೆನೆದರೆ ಉಬ್ಬಿ ಬಿರಿಯುವುದುಂಟು. ಒಂದು ಬೆಳಗ್ಗೆ ತುಳಸಿಗೆ ನೀರೆರೆಯುತ್ತಿದ್ದ ಮನೆಯಾಕೆಗೆ ಪೆಟ್ರೋಲಿನ ವಾಸನೆ ಬಡಿಯಿತು. ಮೊಮ್ಮಗನು ಶಾಲೆಯ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದನು. ಮುಚ್ಚಳವೆತ್ತಿ ನೋಡಲು, ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯು ಬಿರಿದು ಹನಿಯೊಂದು ತೂಗುತ್ತಿದ್ದಿತು. ಕಾದ ಎಂಜಿನಿನ ಮೇಲೆ ಆ ಹನಿಯು ಬಿದ್ದಲ್ಲಿ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು. ಮಗುವನ್ನು ಆಟೋದಲ್ಲಿ ಕಳುಹಿಸಿ, ಜೆ.ಸಿ. ರಸ್ತೆಯ ಅಂಗಡಿಯಿಂದ ಎಥನಾಲನ್ನು ತಾಳುವ ಕೊಳವೆಗಳನ್ನು ತಂದು ಎಲ್ಲವನ್ನೂ ಬದಲಿಸಿದೆವು. ಪಂಪಿನೊಳಗಣ ರಬ್ಬರಿನ ಪೊರೆಯನ್ನೂ ಹೊಸದಾಗಿ ಹಾಕಿಸಿದೆವು. ಅಂದಿನಿಂದ ಪ್ರತಿ ಭಾನುವಾರ ಕೊಳವೆಗಳನ್ನು ಬೆರಳಿನಿಂದ ಮುಟ್ಟಿ ನೋಡುವುದೂ, ಕೀಲಿ ತಿರುಗಿಸುವ ಮುನ್ನ ಮೂಸಿ ನೋಡುವುದೂ ನಮ್ಮ ಮನೆಯ ನಿಯಮವಾಗಿದೆ.

ಎಲ್ಲ ಕೆಲಸವೂ ಗೃಹಸ್ಥನದಲ್ಲ. ಬ್ರೇಕು ಮತ್ತು ಸ್ಟಿಯರಿಂಗುಗಳನ್ನು ಬಲ್ಲ ಮೇಸ್ತ್ರಿಗೇ ಒಪ್ಪಿಸಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿಸುವುದು ಒಳ್ಳೆಯದು. ಜ್ಯಾಕನ್ನು ಮಾತ್ರ ನಂಬಿ ಬಂಡಿಯ ಕೆಳಗೆ ನುಸುಳಬಾರದು. ತೆಗೆದ ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಬೇಕು. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಊರಿನವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಹಳೆಯ ವಸ್ತುವಿನಲ್ಲಿ ಅಭಿಮಾನವಿರುವುದು ತಪ್ಪಲ್ಲ. ಆದರೆ ನೋಡಿಕೊಳ್ಳದೆ ಇಟ್ಟುಕೊಂಡ ಬಂಡಿಯು ಮನೆಯವರಿಗೂ ಬೀದಿಯವರಿಗೂ ಅಪಾಯ. 2028ರಲ್ಲಿ ಶುಲ್ಕದ ಹಣವನ್ನು ಹೇಗಾದರೂ ಹೊಂದಿಸಬಹುದು. ಭಾನುವಾರದ ಕೆಲಸಕ್ಕೆ ನಮ್ಮ ಕಣ್ಣೂ ಕೈಯೂ ಅಂದಿಗೆ ಸಾಲುವುವೇ ಎಂಬುದನ್ನು ಮಾತ್ರ ನಿಷ್ಪಕ್ಷಪಾತವಾಗಿ ನೋಡಿಕೊಳ್ಳಬೇಕು. ಸಾಲದೆ ಹೋದರೆ, ಮಕ್ಕಳು ಎರಡನೆಯ ಬಾರಿ ಹೇಳುವ ಮೊದಲೇ ಬಂಡಿಯನ್ನು ಬಿಟ್ಟುಕೊಡುವೆವೆಂದು ನಿಶ್ಚಯಿಸಿರುವೆವು.