ಡ್ಯಾಶ್‌ಬೋರ್ಡಿಗೆ ಕಾರ್ಬನ್ ಸ್ಟಿಕ್ಕರ್ ಹಾಕಿಸಿದೆವು, ಆಮೇಲೆ ಅರ್ಧ ಕಿತ್ತೆವು

ನಮ್ಮದು ಮೂವರ ಕಾರು. ಡಿಪ್ಲೊಮಾದಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಈಗ ಹಾವೇರಿ ಜಿಲ್ಲೆಯಿಂದ ಮೂರು ಬೇರೆ ಬೇರೆ ಕಡೆಗೆ ಸುದ್ದಿ ಕಳಿಸುವವರು. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಅಂತ ಬರುವ ದುಡ್ಡಿನಲ್ಲಿ ಒಬ್ಬೊಬ್ಬರೇ ಕಾರು ತಗೊಳ್ಳುವ ಮಾತೇ ಇರಲಿಲ್ಲ. ಮಳೆಗಾಲದಲ್ಲಿ ಬೈಕ್ ಮೇಲೆ ಕ್ಯಾಮೆರಾ ತೋಯಿಸಿಕೊಂಡು ಸಾಕಾಗಿ, ಮೂವರೂ ದುಡ್ಡು ಸೇರಿಸಿ 2018ರ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದೆವು.

ಎಂಜಿನ್ ಚೆನ್ನಾಗಿತ್ತು. ಒಳಗೆ ಮಾತ್ರ ನೋಡುವಂತಿರಲಿಲ್ಲ. ಗೇರಿನ ಸುತ್ತಲಿನ ಬೆಳ್ಳಿ ಬಣ್ಣ ಉಗುರು ತಾಗಿ ತಾಗಿ ಎದ್ದುಹೋಗಿತ್ತು. ಬಾಗಿಲಿನ ಹಿಡಿಕೆಯ ಹತ್ತಿರ ಬೆಲ್ಲದ ಪಾಕ ಹಚ್ಚಿದಂಗೆ ಅಂಟು ಅಂಟು. ಕೆಲವು ಕಾರುಗಳ ಒಳಭಾಗಕ್ಕೆ ರಬ್ಬರಿನಂಥ ಮೆತ್ತನೆಯ ಕೋಟಿಂಗ್ ಕೊಟ್ಟಿರುತ್ತಾರೆ. ವರ್ಷ ಕಳೆದಂತೆ ಗಾಳಿಯ ತೇವ, ಬಿಸಿಲು, ಕೈಯ ಬೆವರು ಸೇರಿ ಅದು ಕರಗಿ ಹೀಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೊಸ ಪ್ಲಾಸ್ಟಿಕ್ ಭಾಗಗಳನ್ನೇ ತರಿಸೋಣ ಅಂದರೆ ರೇಟು ಕೇಳಿಯೇ ಸುಮ್ಮನಾದೆವು.

ಆಗ ಸಿಕ್ಕಿದ್ದು ಹೈವೇ ಪಕ್ಕದ ಸ್ಟಿಕ್ಕರ್ ಅಂಗಡಿ ಹುಡುಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ವರ್ಷ ಕೆಲಸ ಕಲಿತು ಬಂದವನು. "ಕಾರ್ಬನ್ ಫೈಬರ್ ಹಾಕಿಬಿಡೋಣ್ರಿ ಅಣ್ಣಾರ, ರೇಸ್ ಗಾಡಿ ಕಂಡಂಗ ಕಾಣತೈತಿ" ಅಂದ. ಹೇಳಿದ್ದು 1,800 ರೂಪಾಯಿ. ಮೂರು ಪಾಲು ಮಾಡಿದರೆ ತಲೆಗೆ 600. ಒಪ್ಪಿಬಿಟ್ಟೆವು.

ನಿಜವಾದ ಕಾರ್ಬನ್ ಫೈಬರ್ ಬೇರೆಯೇ. ತಲೆಗೂದಲಿಗಿಂತ ಎಷ್ಟೋ ತೆಳ್ಳಗಿನ, ಸುಮಾರು 7 ಮೈಕ್ರಾನ್ ದಪ್ಪದ ಇಂಗಾಲದ ಎಳೆಗಳನ್ನು ಸಾವಿರಗಟ್ಟಲೆ ಸೇರಿಸಿ, ಬಟ್ಟೆಯಂತೆ ನೇಯ್ದು, ಎಪಾಕ್ಸಿ ಅಂಟಿನಲ್ಲಿ ಅದ್ದಿ, ಗಟ್ಟಿಯಾಗುವಂತೆ ಕಾಯಿಸುತ್ತಾರೆ. ತೂಕ ಕಡಿಮೆ, ಗಟ್ಟಿತನ ಜಾಸ್ತಿ. 1981ರಲ್ಲಿ ಮೆಕ್ಲಾರೆನ್ ಕಂಪನಿ ಚಾಲಕ ಕೂರುವ ಇಡೀ ತೊಟ್ಟಿಯನ್ನೇ ಇದರಲ್ಲಿ ಮಾಡಿ ಫಾರ್ಮುಲಾ ಒನ್ ರೇಸಿಗೆ ಇಳಿಸಿತು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಆ ಕಾರು ಜೋರಾಗಿ ಅಪ್ಪಳಿಸಿದರೂ ಚಾಲಕ ಜಾನ್ ವಾಟ್ಸನ್ ಎದ್ದು ನಡೆದು ಬಂದರು. ನಮ್ಮ ಅಂಗಡಿಯಲ್ಲಿ ಸಿಗುವುದು ಪಿವಿಸಿ ಹಾಳೆ. ಮೇಲೆ ನೇಯ್ಗೆಯ ಗುರುತು, ಕೆಳಗೆ ಅಂಟು. ಒಟ್ಟಿನಲ್ಲಿ ಹುಲಿವೇಷ. ಆದರೆ ವೇಷ ಚೆನ್ನಾಗಿದ್ದರೆ ನೋಡೋಕೆ ಖುಷಿಯೇ.

ಹುಡುಗನ ಕೆಲಸ ಚೊಕ್ಕ. ಅದನ್ನು ಒಪ್ಪಲೇಬೇಕು. ಲೋಹದ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ, ಕ್ಲಿಪ್ ಮುರಿಯದಂತೆ ಗೇರಿನ ಸುತ್ತಲಿನ ಚೌಕಟ್ಟು ಬಿಚ್ಚಿದ. "ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚೀರೇನ್ರಿ?" ಅಂತ ಮೊದಲೇ ಕೇಳಿದ. ಆ ಪಾಲಿಶಿನಲ್ಲಿ ಸಿಲಿಕೋನ್ ಇರುತ್ತದೆ, ಅದರ ಮೇಲೆ ಯಾವ ಸ್ಟಿಕ್ಕರೂ ನಿಲ್ಲುವುದಿಲ್ಲವಂತೆ. ಸ್ಪಿರಿಟ್ ಹಾಕಿ ಎರಡೆರಡು ಸಲ ಒರೆಸಿದ. ಅಂಟಂಟಾಗಿದ್ದ ಹಳೇ ಕೋಟಿಂಗನ್ನೂ ಅದರಲ್ಲೇ ತಿಕ್ಕಿ ತಿಕ್ಕಿ ತೆಗೆದ. ಹಾಳೆಯನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ, ಮೂಲೆ ಬಂದಾಗ ಹೀಟ್ ಗನ್ನಿನ ಬಿಸಿ ತೋರಿಸಿ ಮೆತ್ತಗೆ ಮಾಡಿ ಮಡಚಿದ. ಅಂಚನ್ನು ಅರ್ಧ ಸೆಂಟಿಮೀಟರ್ ಹಿಂದಕ್ಕೆ ತಿರುಗಿಸಿ, ಅಲ್ಲಿಗೆ ಇನ್ನೊಂದು ಸಲ ಬಿಸಿ ಕೊಟ್ಟ. ಹಾಗೆ ಮಾಡದಿದ್ದರೆ ಎಳೆದ ಹಾಳೆ ವಾಪಸ್ ಕುಗ್ಗಿ ಮೂಲೆ ಮೇಲೇಳುತ್ತದೆ. ಹೊಳೆಯುವ ಹಾಳೆ ಬೇಡ, ಮ್ಯಾಟ್ ಹಾಕೋಣ ಅಂದಿದ್ದೂ ಅವನೇ. ಹೊಳೆಯುವುದನ್ನು ಮೇಲೆ ಹಾಕಿದರೆ ಬಿಸಿಲಿಗೆ ಮುಂದಿನ ಗಾಜಿನಲ್ಲಿ ಅದರ ನೆರಳು ಬಿದ್ದು ರಸ್ತೆ ಕಾಣುವುದಿಲ್ಲ.

ಗೇರ್ ಮುಗಿಯಿತು, ಬಾಗಿಲು ಮುಗಿಯಿತು. ಹಾಳೆ ಉಳಿದಿತ್ತು. "ಇದನ್ನೂ ಮುಚ್ಚಿಬಿಡ್ಲೇನ್ರಿ?" ಅಂತ ಡ್ಯಾಶ್‌ಬೋರ್ಡಿನ ಎಡಭಾಗ ತೋರಿಸಿದ. ಹಾಳೆ ಉಳಿದಿದೆಯಲ್ಲ ಅಂತ ಹೂಂ ಅಂದವರು ನಾವೇ. ಅಲ್ಲಿ 'ಏರ್‌ಬ್ಯಾಗ್' ಅಂತ ಇಂಗ್ಲಿಷಿನಲ್ಲಿ ಕೊರೆದಿತ್ತು. ಅದರ ಸುತ್ತ ಕೂದಲೆಳೆಯಷ್ಟು ಗೀರು. ಹಾಳೆ ಕೂತ ಮೇಲೆ ಅಕ್ಷರವೂ ಕಾಣಲಿಲ್ಲ, ಗೀರೂ ಕಾಣಲಿಲ್ಲ. ಎಷ್ಟು ನೀಟಾಗಿದೆ ಅಂತ ಫೋಟೊ ಹೊಡೆದು ಸ್ಟೇಟಸ್ಸಿಗೂ ಹಾಕಿದೆವು.

ಆ ಎಡಗಡೆ ಸೀಟು ನಮ್ಮಲ್ಲೊಬ್ಬನ ಅವ್ವನದು. ಹಿಂದೆ ಕೂತರೆ ಆಕೆಗೆ ವಾಂತಿ. ಕಣ್ಣು ತೋರಿಸೋಕೆ ತಿಂಗಳಿಗೊಮ್ಮೆ ದಾವಣಗೆರೆಗೆ ಕರೆದುಕೊಂಡು ಹೋಗುತ್ತೇವೆ. ಹೊಸ ಸ್ಟಿಕ್ಕರ್ ನೋಡಿ ಸಂತೋಷಪಟ್ಟು, ಅದರ ಮೇಲೆಯೇ ಹಿತ್ತಾಳೆಯ ಪುಟ್ಟ ಗಣಪನನ್ನು ಅಂಟಿಸಿದಳು.

ಒಂದೂವರೆ ತಿಂಗಳಾಗಿರಬೇಕು. ರಾಣೆಬೆನ್ನೂರು ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತ ಅಂತ ಫೋನ್ ಬಂತು. ನಿಂತ ಲಾರಿಗೆ ಕಾರು ಹಿಂದಿನಿಂದ ಗುದ್ದಿತ್ತು. ನಾವು ಹೋಗುವಷ್ಟರಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಲ್ಲಿ ಕಳಿಸಿಯಾಗಿತ್ತು. ಇಬ್ಬರಿಗೂ ಜೀವಕ್ಕೆ ಅಪಾಯವಿರಲಿಲ್ಲ. ಬಾನೆಟ್ ಮುದ್ದೆಯಾಗಿತ್ತು. ಫೋಟೊಕ್ಕಾಗಿ ಒಳಗೆ ಬಗ್ಗಿ ನೋಡಿದರೆ ಎರಡು ಬಿಳಿ ಚೀಲ ಸೋತು ಜೋತುಬಿದ್ದಿದ್ದವು. ಎಡಗಡೆಯ ಚೀಲ ಬಂದ ಜಾಗದಲ್ಲಿ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಿಟಕಿ ಬಾಗಿಲಿನಂತೆ ತೆರೆದುಕೊಂಡಿತ್ತು. ಕತ್ತರಿಸಿದಂತೆ ನೇರ ಅಂಚು. ನಮ್ಮ ಕಾರಿನ ಅದೇ ಜಾಗದಲ್ಲಿ ಅದೇ ಗೀರು.

ಆವತ್ತು ಸುದ್ದಿ ಕಳಿಸಿ ಕಾರಿಗೆ ಬಂದು ಕೂತವರು ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗ್ಲೋವ್ ಬಾಕ್ಸಿನಲ್ಲಿ ಒಮ್ಮೆಯೂ ತೆರೆಯದ ಮ್ಯಾನುವಲ್ ಬಿದ್ದಿತ್ತು. ತೆರೆದು ಓದಿದೆವು. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಸ್ಟಿಕ್ಕರ್ ಹಚ್ಚಬಾರದು, ಏನನ್ನೂ ಇಡಬಾರದು, ಮುಚ್ಚಬಾರದು ಅಂತ ಬರೆದೇ ಇತ್ತು. ಊರಿನವರ ತಪ್ಪನ್ನೆಲ್ಲ ಹುಡುಕಿ ಬರೆಯುವ ನಾವು ನಮ್ಮ ಕಾರಿನ ಪುಸ್ತಕ ಓದಿರಲಿಲ್ಲ.

ಕಾರಣ ಸರಳ. ಗಾಡಿ ಜೋರಾಗಿ ಗುದ್ದಿದಾಗ ಸೆನ್ಸರ್ ಅದನ್ನು ಗುರುತಿಸಿ, ಕಣ್ಣು ಮಿಟುಕಿಸುವಷ್ಟರೊಳಗೆ ಚೀಲಕ್ಕೆ ಗಾಳಿ ತುಂಬುತ್ತದೆ. ಆ ಗೀರು ಇರುವುದೇ ಸರಿಯಾದ ಕಡೆ, ಸರಿಯಾದ ರೀತಿ ಹರಿದುಕೊಳ್ಳಲಿ ಅಂತ. ಕೆಲವು ಗಾಡಿಗಳಲ್ಲಿ ಅದನ್ನು ಒಳಗಿನಿಂದ ಕೊರೆದಿರುತ್ತಾರೆ, ಮೇಲೆ ಕಾಣುವುದೇ ಇಲ್ಲ. ಎಳೆದರೂ ಹರಿಯದ ಹಾಳೆಯನ್ನು ಅದರ ಮೇಲೆ ಹಾಕಿದರೆ ಮುಚ್ಚಳ ತಡವಾಗಿ ತೆರೆಯಬಹುದು, ಅಡ್ಡಾದಿಡ್ಡಿ ತೆರೆಯಬಹುದು, ಚೂರು ಸಿಡಿಯಬಹುದು. ಇನ್ನು ಮುಚ್ಚಳದ ಮೇಲೆ ಕೂತ ಹಿತ್ತಾಳೆ ಗಣಪ? ಅವ್ವನ ಮುಖದ ಕಡೆಗೇ ಕಲ್ಲಿನಂತೆ ಬರುತ್ತಿದ್ದ.

ಮರುದಿನವೇ ಕಿತ್ತೆವು. ಪರಿಚಯದ ಹಳೇ ಮಿಸ್ತ್ರಿಯೊಬ್ಬರು ಹೇಳಿದರು, "ಆ ಜಾಗದಾಗ ಹೀಟ್ ಗನ್ ಹಿಡೀಬ್ಯಾಡ್ರಿ, ಬ್ಲೇಡಂತೂ ಬ್ಯಾಡೇ ಬ್ಯಾಡ." ಮಧ್ಯಾಹ್ನ ಎರಡು ತಾಸು ಕಾರನ್ನು ಬಿಸಿಲಿಗೆ ನಿಲ್ಲಿಸಿದೆವು. ಹಾಳೆ ತಾನೇ ಮೆತ್ತಗಾಯಿತು. ಮೂಲೆಯಿಂದ ನಿಧಾನಕ್ಕೆ ಎಳೆದರೆ ಬಾಳೆ ಸಿಪ್ಪೆಯಂತೆ ಬಂತು. ಉಳಿದ ಅಂಟಿಗೆ ಬಟ್ಟೆಯ ತುದಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ, ಸೋಪು ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿದೆವು. ಮುಚ್ಚಳಕ್ಕೆ ಬ್ಲೇಡ್ ತಾಗಿಲ್ಲ ಅಂತ ಸರ್ವಿಸ್‌ನಲ್ಲಿ ತೋರಿಸಿ ಖಾತ್ರಿ ಮಾಡಿಕೊಂಡೆವು.

ಗಣಪನನ್ನು ತೆಗೆಯುವುದೇ ಕಷ್ಟವಾಯಿತು. "ದೇವ್ರನ್ನ ಕಿತ್ತು ಎಲ್ಲಿ ಇಡ್ತೀರಿ?" ಅಂತ ಅವ್ವ ಸಿಟ್ಟಾದಳು. ಆ ಪ್ಲಾಸ್ಟಿಕ್ಕಿನ ಹಿಂದೆ ಏನಿದೆ ಅಂತ ಕುಳಿತು ಹೇಳಿದೆವು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾರ ಒಳಗ ಇಡ್ರಿ, ಅಲ್ಲಿಂದನ ಕಾಯ್ತಾನ" ಅಂದಳು. ಈಗ ಗಣಪ ಗ್ಲೋವ್ ಬಾಕ್ಸಿನಲ್ಲಿ, ಆ ಮ್ಯಾನುವಲ್ ಮೇಲೆ ಕೂತಿದ್ದಾನೆ.

ಅಂಗಡಿಗೂ ಹೋದೆವು. ಜಗಳಕ್ಕಲ್ಲ. ಮ್ಯಾನುವಲ್ಲಿನ ಆ ಪುಟ ತೋರಿಸಿದೆವು. ಹುಡುಗನ ಮುಖ ಸಣ್ಣಗಾಯಿತು. "ಯಾರೂ ಹೇಳಿಕೊಟ್ಟಿಲ್ರಿ ಅಣ್ಣಾರ. ಎಷ್ಟು ಗಾಡಿಗೆ ಹಿಂಗ ಹಾಕೇನೋ ಏನೋ" ಅಂದ. ಫೋನಿನಲ್ಲಿದ್ದ ಗಿರಾಕಿಗಳ ನಂಬರಿಗೆ ಅಲ್ಲೇ ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಹಾಕತೊಡಗಿದ. ಬಂದರೆ ಪುಕ್ಕಟೆ ತೆಗೆದುಕೊಡುತ್ತೇನೆ ಅಂತ. ಹೋದ ವಾರ ಸಿಕ್ಕಾಗ ಕೇಳಿದೆವು. ಕೆಲವರು ಬಂದರಂತೆ. ಕೆಲವರು ಚಂದ ಕಾಣತೈತಿ, ಇರಲಿ ಬಿಡು ಅಂದರಂತೆ.

ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಗಿದೆ. ಪಕ್ಕದ ಸೀಟಿನದು 2021ರಲ್ಲಿ ಕಡ್ಡಾಯವಾಯಿತು. ಅಂದರೆ ಇನ್ನು ಮುಂದೆ ನಮ್ಮ ಊರುಗಳಿಗೆ ಬರುವ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲೂ ಇವು ಹೆಚ್ಚು ಹೆಚ್ಚಾಗಿ ಇರುತ್ತವೆ. ಹಾಗಾಗಿ ಇಷ್ಟು ನೆನಪಿಡಿ. ಗೇರಿನ ಸುತ್ತ, ಬಾಗಿಲಿನ ಪಟ್ಟಿ, ಎಸಿ ಕಿಂಡಿಯ ಚೌಕಟ್ಟಿಗೆ ಸ್ಟಿಕ್ಕರ್ ಧಾರಾಳವಾಗಿ ಹಾಕಿಸಿ. ಸ್ಟೀರಿಂಗಿನ ನಡುಭಾಗ, ಡ್ಯಾಶ್‌ಬೋರ್ಡಿನ ಎಡಭಾಗ, ಏರ್‌ಬ್ಯಾಗ್ ಅಂತ ಬರೆದಿರುವ ಯಾವ ಜಾಗವನ್ನೂ ಮುಟ್ಟಿಸಬೇಡಿ. ಸೀಟಿನ ಪಕ್ಕದಲ್ಲಿ ಆ ಗುರುತಿದ್ದರೆ ಮಾಮೂಲಿ ಸೀಟ್ ಕವರ್ ಕೂಡ ಬೇಡ. ಸೀಟ್ ಬೆಲ್ಟ್ ಹಾಕದೆ ಏರ್‌ಬ್ಯಾಗ್ ಒಂದನ್ನೇ ನಂಬಬೇಡಿ, ಅದು ಬೆಲ್ಟಿಗೆ ಜೊತೆಗಾರ ಅಷ್ಟೇ. ಮಕ್ಕಳನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.

ನಮ್ಮ ಕಾರಿನಲ್ಲಿ ಈಗ ಗೇರಿನ ಸುತ್ತ ಕಾರ್ಬನ್ ಇದೆ, ಎಡಗಡೆ ಹಳೇ ಬೂದು ಪ್ಲಾಸ್ಟಿಕ್ ಇದೆ. ನೋಡಿದವರು "ಅರ್ಧಕ್ಕೇ ಬಿಟ್ಟೀರಲ್ರೀ, ದುಡ್ಡು ಸಾಲಲಿಲ್ಲೇನು?" ಅಂತ ಕೇಳುತ್ತಾರೆ. ಅವರನ್ನು ಅದೇ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಹೋಗುವ ದಾರಿಯಲ್ಲಿ ಈ ಕಥೆ ಹೇಳುತ್ತೇವೆ.