ಒಂಬೈನೂರು ದೊಡ್ಡದೋ, ಸಾವಿರದ ಇನ್ನೂರು ದೊಡ್ಡದೋ?

"ಏನ್ರಪ್ಪಾ, ಒಂಬೈನೂರು ದೊಡ್ಡದೋ, ಸಾವಿರದ ಇನ್ನೂರು ದೊಡ್ಡದೋ?"

ಶ್ರೀನಿವಾಸಪುರ ಕಡೆಯ ರೈತರೊಬ್ಬರು ಫೋನಿನಲ್ಲಿ ಹೀಗೆ ಕೇಳಿದಾಗ ಮೊದಲು ನಕ್ಕೆವು. ಆಮೇಲೆ ವಿಷಯ ಗೊತ್ತಾಯಿತು. ನಮ್ಮ ಪುಟ ನಂಬಿಕೊಂಡು ಅವರು ನೂರು ಬಾಕ್ಸ್ ಟೊಮೆಟೊ ಹೇರಿಕೊಂಡು, ರೇಟು ಕಡಿಮೆ ಇದ್ದ ಮಾರುಕಟ್ಟೆಗೇ ಹೋಗಿದ್ದರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಟೊಮೆಟೊ ಬೆಳೆಗಾರರಿಗೆ ಬೆಳಗಾದರೆ ಒಂದೇ ಪ್ರಶ್ನೆ: ಇವತ್ತು ಎಲ್ಲಿ ರೇಟು? ಅದನ್ನು ಮೊಬೈಲಿನಲ್ಲೇ ತೋರಿಸೋಣ ಅಂತ ಪತ್ರಿಕೋದ್ಯಮ ಓದಿದ ನಾವು ಒಂದು ಚಿಕ್ಕ ಪುಟ ಮಾಡಿದ್ದೆವು. ಮಾರುಕಟ್ಟೆಗಳ ದಿನದ ದರ ಕೇಂದ್ರ ಸರ್ಕಾರದ ಡೇಟಾ ತಾಣದಲ್ಲಿ ಸಿಗುತ್ತದೆ. ನಮ್ಮ ಜಾವಾಸ್ಕ್ರಿಪ್ಟ್ 'ಫೆಚ್' ಎಂಬ ಆದೇಶದಿಂದ ಸರ್ವರನ್ನು ಕೇಳುತ್ತದೆ. ಸರ್ವರ್ 'ಜೇಸನ್' ರೂಪದಲ್ಲಿ ಉತ್ತರ ಕಳಿಸುತ್ತದೆ.

ಜೇಸನ್ ಅಂದರೆ ಗಾಬರಿ ಬೇಡ. ಮಂಡಿಯ ಚೀಟಿ ಇದ್ದ ಹಾಗೆ. ಎಡಕ್ಕೆ ಹೆಸರು, ಬಲಕ್ಕೆ ವಿವರ: ಜಿಲ್ಲೆ, ಮಾರುಕಟ್ಟೆ, ಮಾಲು, ತಾರೀಖು, ಕನಿಷ್ಠ ದರ, ಗರಿಷ್ಠ ದರ. ಇಂಥ ಚೀಟಿಗಳ ಒಂದು ಕಟ್ಟೇ ಬರುತ್ತದೆ. ಅದನ್ನು ಬಿಚ್ಚಿ, ಹೆಚ್ಚು ದರ ಇರುವ ಊರನ್ನು ಮೇಲೆ ತೋರಿಸುವುದು ನಮ್ಮ ಕೆಲಸ.

ಎಡವಿದ್ದು ಅಲ್ಲೇ. ನಮಗೆ ಬಂದ ಚೀಟಿಯಲ್ಲಿ ದರಗಳು ಉದ್ಧರಣ ಚಿಹ್ನೆಯ ಒಳಗಿದ್ದವು. ಹಾಗೆ ಇದ್ದದ್ದು ಜಾವಾಸ್ಕ್ರಿಪ್ಟ್ ಪಾಲಿಗೆ ಸಂಖ್ಯೆಯಲ್ಲ, ಬರೀ ಅಕ್ಷರ. ಅಕ್ಷರಗಳನ್ನು ಅದು ನಿಘಂಟಿನ ಕ್ರಮದಲ್ಲಿ ಮೊದಲಿನಿಂದ ಒಂದೊಂದಾಗಿ ಹೋಲಿಸುತ್ತದೆ. 1 ಆದಮೇಲೆ 9 ಬರುತ್ತದಲ್ಲ, ಹಾಗಾಗಿ 900 ದೊಡ್ಡದು, 1200 ಚಿಕ್ಕದು!

ತಿಂಗಳುಗಟ್ಟಲೆ ಈ ತಪ್ಪು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ದರಗಳೆಲ್ಲ ನಾಲ್ಕಂಕಿಯಲ್ಲಿ ಇದ್ದಾಗ ಲೆಕ್ಕ ಸರಿಯಾಗೇ ಬರುತ್ತಿತ್ತು. ಒಂದು ಕಡೆ ಕ್ವಿಂಟಾಲ್ ದರ ಸಾವಿರಕ್ಕಿಂತ ಕೆಳಗೆ ಬಿದ್ದ ದಿನ ಕೈಕೊಟ್ಟಿತು. ಅಂದರೆ, ರೈತ ಒಂದೊಂದು ರೂಪಾಯಿಗೂ ಲೆಕ್ಕ ಹಾಕುವ ದಿನವೇ.

ಕ್ವಿಂಟಾಲಿಗೆ 300 ರೂಪಾಯಿ ವ್ಯತ್ಯಾಸ ಅಂದರೆ 15 ಕೆಜಿ ಬಾಕ್ಸಿಗೆ 45 ರೂಪಾಯಿ. ನೂರು ಬಾಕ್ಸಿಗೆ 4,500. ಅವತ್ತಿನ ಕೂಲಿ, ಟೆಂಪೋ ಬಾಡಿಗೆ ಅದರಲ್ಲೇ ಹೋಯಿತು ಅಂದರು ಅವರು.

ಆ ರಾತ್ರಿ ಕೂತು ಸರಿಮಾಡಿದೆವು. ದರವನ್ನು 'ನಂಬರ್' ಆದೇಶದಿಂದ ಸಂಖ್ಯೆ ಮಾಡಿದೆವು. ಆದರೂ ಪಟ್ಟಿ ಸರಿಹೋಗಲಿಲ್ಲ. ಯಾಕೆಂದರೆ 'ಸಾರ್ಟ್' ಅನ್ನು ಸುಮ್ಮನೆ ಕರೆದರೆ ಅದು ಸಂಖ್ಯೆಗಳನ್ನೂ ಅಕ್ಷರದಂತೆಯೇ ಜೋಡಿಸುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದು ನೋಡು ಅಂತ ನಾವೇ ಹೇಳಿಕೊಡಬೇಕು. ದರದ ಜಾಗ ಖಾಲಿ ಇದ್ದರೆ 'ನಂಬರ್' ಅದನ್ನು ಸೊನ್ನೆ ಮಾಡುತ್ತದೆ. ಅಂಥ ಚೀಟಿಯನ್ನು ಮೊದಲೇ ಪಕ್ಕಕ್ಕಿಡಬೇಕು. ಸರ್ವರ್ 'ಆಗಲ್ಲ' ಅಂದರೂ ಫೆಚ್ ಅದನ್ನು ಉತ್ತರ ಅಂತಲೇ ತಂದುಕೊಡುತ್ತದೆ. ಅದಕ್ಕೇ 'ಓಕೆ' ಇದೆಯಾ ಅಂತ ನೋಡಿಯೇ ಮುಂದೆ ಹೋಗಬೇಕು. ತಾರೀಖಿನದ್ದು ಇನ್ನೊಂದು ಮೋಸ: 03/07 ಅಂದರೆ ನಮಗೆ ಜುಲೈ 3, ಜಾವಾಸ್ಕ್ರಿಪ್ಟಿಗೆ ಮಾರ್ಚ್ 7.

ಸುದ್ದಿ ಬಂದರೆ ಇಬ್ಬರನ್ನು ಕೇಳಿ ಖಚಿತ ಮಾಡಿಕೊಂಡು ಬರೆಯಿರಿ ಅಂತ ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಲೇ ಇದ್ದರು. ಮನುಷ್ಯರು ಹೇಳಿದ್ದನ್ನು ಹಾಗೆ ಪರೀಕ್ಷಿಸುತ್ತಿದ್ದೆವು. ಸರ್ವರ್ ಹೇಳಿದ್ದನ್ನು ಮಾತ್ರ ಕಣ್ಣುಮುಚ್ಚಿ ಹಾಕಿಬಿಟ್ಟಿದ್ದೆವು.

ಮರುದಿನ ತಪ್ಪೊಪ್ಪಿಗೆಯನ್ನು ಪುಟದ ಮೇಲ್ಭಾಗದಲ್ಲೇ ಹಾಕಿ, ಅವರಿಗೆ ಫೋನ್ ಮಾಡಿದೆವು. "ಆಯ್ತು ಬಿಡ್ರಪ್ಪಾ. ಕ್ವಿಂಟಾಲ್ ಲೆಕ್ಕ ನಮಗ್ಯಾಕೆ? ಬಾಕ್ಸ್ ರೇಟು ಹಾಕಿ" ಅಂದರು. ಈಗ ಪುಟದಲ್ಲಿ ಬಾಕ್ಸ್ ರೇಟೇ ಇದೆ. ಅದರ ಕೆಳಗೆ ತಾರೀಖು. ಅದರ ಕೆಳಗೆ ಒಂದು ಸಾಲು: ಮಾಲು ಹೇರುವ ಮುಂಚೆ ಮಂಡಿಗೂ ಒಂದು ಫೋನ್ ಮಾಡಿ.