ಶಾಲೆಯ ಆಪ್ತಸಮಾಲೋಚಕರ ತರಬೇತಿ

ಮಕ್ಕಳ ಅಳಲನ್ನು ಗೋಪ್ಯತೆ ಕಾಯ್ದು ಆಲಿಸಿ, ಅವರೇ ದಾರಿ ಕಂಡುಕೊಳ್ಳಲು ನೆರವಾಗುವ ಕ್ರಮಬದ್ಧ ಮಾತುಕತೆಯೇ ಆಪ್ತಸಮಾಲೋಚನೆ. ಎನ್‌ಸಿಇಆರ್‌ಟಿ ಈ ವಿಷಯದಲ್ಲಿ ನೀಡುವ ಒಂದು ವರ್ಷದ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅಧ್ಯಯನ ಕೇಂದ್ರವಾಗಿದ್ದು, ಆರು ತಿಂಗಳ ದೂರಶಿಕ್ಷಣ ಮತ್ತು ಮೂರು ತಿಂಗಳ ಮುಖಾಮುಖಿ ತರಗತಿಗಳ ಬಳಿಕ ಅಭ್ಯರ್ಥಿಗಳು ತಮ್ಮ ಊರಿನಲ್ಲೇ ಮೂರು ತಿಂಗಳ ಪ್ರಾಯೋಗಿಕ ತರಬೇತಿ ಪಡೆಯುತ್ತಾರೆ. ಈ ಕೊನೆಯ ಘಟ್ಟವೇ ಎಲ್ಲಕ್ಕಿಂತ ಮುಖ್ಯವಾದುದು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಊರಿನಲ್ಲಿ, ಹುಳು ಹಣ್ಣಾದ ದಿನಗಳಲ್ಲಿ ಅವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ರಾತ್ರಿಯೆಲ್ಲ ಮನೆಯವರಿಗೆ ನೆರವಾಗಿ ತರಗತಿಯಲ್ಲಿ ತೂಕಡಿಸುವ ಹುಡುಗಿ ಯಾರು, ವಾರಗಟ್ಟಲೆ ನಿದ್ದೆಯೇ ಬಾರದೆ ಕುಗ್ಗಿಹೋದ ಹುಡುಗಿ ಯಾರು ಎಂದು ಗುರುತಿಸುವ ಕಣ್ಣು ಪಠ್ಯದಿಂದಷ್ಟೇ ಬರುವುದಿಲ್ಲ. ಎರಡನೆಯವಳಿಗೆ ನಿಮ್ಹಾನ್ಸ್‌ನಂಥ ಆಸ್ಪತ್ರೆಯ ಚಿಕಿತ್ಸೆ ಬೇಕಾದೀತು. ತುರ್ತಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಇದೆ.